ಅಂಡವಾಯು: ಹೆಸರು, ಬಗೆಗಳು ಮತ್ತು ಚಿಕಿತ್ಸೆ

ಜನಪದ ವೈದ್ಯದ ಅಧ್ಯಯನದಲ್ಲಿ ಮದ್ದುಗಳಿಗೆ ದೊರೆತಷ್ಟು ಗಮನ ರೋಗನಾಮಗಳಿಗೆ ದೊರೆತಿಲ್ಲ. ಆದರೆ ರೋಗವನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರಿಂದಲೇ ಅದು ಯಾರ ರೋಗ, ಯಾವಾಗ ವೈದ್ಯರಲ್ಲಿಗೆ ಹೋಗಬೇಕು ಎಂಬ ತಿಳಿವಳಿಕೆಯೂ ರೂಪುಗೊಳ್ಳುತ್ತದೆ. ಹರ್ನಿಯಾಕ್ಕೆ ಕನ್ನಡದಲ್ಲಿ ರೂಢಿಯಾಗಿರುವ ‘ಅಂಡವಾಯು’ ಎಂಬ ಪದ ಇದಕ್ಕೆ ತಕ್ಕ ನಿದರ್ಶನ. ಶಿವಮೊಗ್ಗದ ಗೋಪಾಳ ಮತ್ತು ಭದ್ರಾವತಿಯ ಪರಿಸರವನ್ನು ಮುಂದಿಟ್ಟುಕೊಂಡು ಈ ಪದದ ವ್ಯಾಪ್ತಿ, ವ್ಯಾಧಿಯ ಬಗೆಗಳು ಹಾಗೂ ಚಿಕಿತ್ಸೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹೆಸರು ಮತ್ತು ಪರಂಪರೆ

ಹೊಟ್ಟೆಯ ಗೋಡೆಯ ದುರ್ಬಲ ಭಾಗದಿಂದ ಕರುಳು ಅಥವಾ ಕೊಬ್ಬು ಹೊರಚಾಚುವುದೇ ಹರ್ನಿಯಾ. ‘ಸುಶ್ರುತ ಸಂಹಿತೆ’ಯು ಏಳು ವೃದ್ಧಿರೋಗಗಳನ್ನು ಹೇಳುತ್ತ, ಕರುಳು ಇಳಿಯುವ ಅಂತ್ರವೃದ್ಧಿಯನ್ನೂ ನೀರು ತುಂಬುವ ಮೂತ್ರವೃದ್ಧಿಯನ್ನೂ ಬೇರ್ಪಡಿಸುತ್ತದೆ. ಭಾರ ಹೊರುವುದು, ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಅಂತ್ರವೃದ್ಧಿಯ ಕಾರಣಗಳೆನ್ನುತ್ತದೆ. ಅಡಿಕೆ ಮಂಡಿಯ ಹಮಾಲರು, ಮರವೇರುವ ಕೊನೆಗಾರರು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು ಇರುವ ಈ ಸೀಮೆಗೆ ಆ ಪಟ್ಟಿ ಅಪರಿಚಿತವಲ್ಲ. ದೀರ್ಘಕಾಲದ ಕೆಮ್ಮು, ಮಲಬದ್ಧತೆ, ಸ್ಥೂಲಕಾಯ, ಗರ್ಭಧಾರಣೆಗಳನ್ನು ಇಂದಿನ ವೈದ್ಯಶಾಸ್ತ್ರ ಇದಕ್ಕೆ ಸೇರಿಸಿದೆ.

ಆಡುಮಾತಿನ ‘ಅಂಡವಾಯು’ ಎಂಬ ಪದದಲ್ಲಿ ಈ ಎರಡು ವೃದ್ಧಿಗಳೂ ಹಲವೊಮ್ಮೆ ಬೆರೆತುಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ‘ಅಂಡ’ ಎಂಬ ಪೂರ್ವಪದ ಇದು ಗಂಡಸರ ರೋಗವೆಂಬ ಭಾವನೆಯನ್ನು ಬಿತ್ತುತ್ತದೆ.

ಬಗೆಗಳು

ತೊಡೆಸಂದಿನ ಹರ್ನಿಯಾ ಎಲ್ಲಕ್ಕಿಂತ ಸಾಮಾನ್ಯ. ಇದು ಗಂಡಸರಲ್ಲಿ ಹೆಚ್ಚು. ತೊಡೆಸಂದಿನ ಮಡಿಕೆಗಿಂತ ತುಸು ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಕಾಣಿಸುವ ಇನ್ನೊಂದು ಬಗೆ ಹೆಂಗಸರಲ್ಲಿ ಹೆಚ್ಚು. ಇದರ ದ್ವಾರ ಕಿರಿದಾದುದರಿಂದ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಅಧಿಕ. ಹೊಕ್ಕುಳಿನಲ್ಲಿ, ಹೊಕ್ಕುಳಿಗೂ ಎದೆಗೂಡಿಗೂ ನಡುವೆ, ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಜಾಗದಲ್ಲಿ ಕಾಣಿಸುವುವು ಉಳಿದ ಮುಖ್ಯ ಬಗೆಗಳು. ಇವಾವುವನ್ನೂ ‘ಅಂಡವಾಯು’ ಎಂಬ ಹೆಸರು ಸೂಚಿಸುವುದಿಲ್ಲ. ಹೀಗಾಗಿ, ಹೆಚ್ಚು ಅಪಾಯದಲ್ಲಿರುವ ಹೆಂಗಸಿನ ತೊಡೆಸಂದಿನ ಗಂಟಿಗೆ ನಾಚಿಕೆಯ ಜೊತೆಗೆ ಹೆಸರಿಲ್ಲದ ತೊಡಕೂ ಸೇರಿಕೊಳ್ಳುತ್ತದೆ.

ಚಿಕಿತ್ಸೆ

ಎಳೆಗೂಸಿನ ಹೊಕ್ಕುಳು ಉಬ್ಬಿದಾಗ ಅದರ ಮೇಲೆ ನಾಣ್ಯವಿಟ್ಟು ಬಟ್ಟೆ ಕಟ್ಟುವ ರೂಢಿಯುಂಟು. ಇಂಥ ಉಬ್ಬುಗಳಲ್ಲಿ ಬಹುಪಾಲು ನಾಲ್ಕೈದು ವರ್ಷದೊಳಗೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕಾಲ ಮಾಡಿದ ಕೆಲಸದ ಕೀರ್ತಿ ನಾಣ್ಯಕ್ಕೆ ಸಲ್ಲುತ್ತದೆ. ಆದರೆ ಮಗುವಿನ ತೊಡೆಸಂದಿನ ಹರ್ನಿಯಾ ಹಾಗೆ ಮುಚ್ಚುವುದಿಲ್ಲ. ಅದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಅಗತ್ಯ. ಬರೆ ಹಾಕುವ ಪದ್ಧತಿಗೆ ಶಾಸ್ತ್ರದ ಹಿನ್ನೆಲೆಯೂ ಇದೆ: ಕರುಳು ಇಳಿಯುವ ದಾರಿಯನ್ನು ತಡೆಯಲು ತೊಡೆಸಂದಿನಲ್ಲಿ ಸುಡಬೇಕೆಂದು ಸುಶ್ರುತ ವಿಧಿಸುತ್ತಾನೆ. ದಾರಿಯನ್ನು ಮುಚ್ಚಬೇಕೆಂಬ ತಿಳಿವು ಸರಿಯಾದುದೇ. ಆದರೆ ಚರ್ಮಕ್ಕೆ ಹಾಕಿದ ಬರೆಯಿಂದ ಒಳಗಿನ ಬಿರುಕು ಕೂಡುವುದಿಲ್ಲ.

ಆ ಕೆಲಸವನ್ನು ಸಾಧಿಸಿದ್ದು ಹೊಲಿಗೆ. ಇಟಲಿಯ ಬಸ್ಸೀನಿ 1887ರಲ್ಲಿ ಪದರಗಳನ್ನು ಸೇರಿಸಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಅಮೆರಿಕದ ಲಿಕ್ಟೆನ್‌ಸ್ಟೈನ್ 1980ರ ದಶಕದಲ್ಲಿ ಬಲೆಯನ್ನಿಟ್ಟು, ಎಳೆತವಿಲ್ಲದೆ ಮುಚ್ಚುವ ಕ್ರಮವನ್ನು ರೂಢಿಗೆ ತಂದರು. ಇಂದು ಇದನ್ನು ಲ್ಯಾಪರೊಸ್ಕೋಪಿಯಿಂದಲೂ ಮಾಡಲಾಗುತ್ತದೆ. ಬಲೆಯ ಬೆಲೆ ಬಡವರಿಗೆ ಎಟುಕದುದನ್ನು ಕಂಡ ಮಹಾರಾಷ್ಟ್ರದ ದೊಂಡಾಯಿಚೆಯ ಡಾ. ರವೀಂದ್ರನಾಥ ಟೊಂಗಾಂವಕರ್ ಮತ್ತು ಸಂಗಡಿಗರು ಕ್ರಿಮಿಶುದ್ಧಗೊಳಿಸಿದ ಸೊಳ್ಳೆಪರದೆಯ ಬಟ್ಟೆಯನ್ನೇ ಬಳಸಿ, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಉಗಾಂಡದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಇಂಥ ಬಲೆಗೂ ದುಬಾರಿ ಬಲೆಗೂ ಗಣನೀಯ ಅಂತರ ಕಾಣಲಿಲ್ಲ.

ತೊಂದರೆ ಕೊಡದ ತೊಡೆಸಂದಿನ ಹರ್ನಿಯಾವಿರುವ ಗಂಡಸರು ವೈದ್ಯರ ಸಲಹೆಯಂತೆ ಕಾಯಬಹುದು. ತೊಡೆಯ ಮೇಲ್ಭಾಗದ ಬಗೆಯಲ್ಲಿ ಕಾಯುವುದು ತರವಲ್ಲ. ಗಂಟು ಒಳಸರಿಯದೆ ಗಟ್ಟಿಯಾಗಿ, ನೋವು ಮತ್ತು ವಾಂತಿ ಕಾಣಿಸಿಕೊಂಡರೆ ತಿಕ್ಕದೆ, ಒತ್ತದೆ ಕೂಡಲೇ ಶಿವಮೊಗ್ಗದ ಮೆಗ್ಗಾನ್‌ನಂತಹ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ರಕ್ತಸಂಚಾರ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

ಒಟ್ಟಾರೆ, ಜನಪದರ ಅವಲೋಕನ ನಿಖರವಾದುದು; ಹೆಸರಿನ ವ್ಯಾಪ್ತಿ ಮಾತ್ರ ಸಂಕುಚಿತವಾದುದು. ಗಂಡು ಹೆಣ್ಣೆಂಬ ಭೇದವಿಲ್ಲದ ‘ಕರುಳು ಇಳಿಯುವುದು’ ಎಂಬ ಆಡುನುಡಿ ‘ಅಂಡವಾಯು’ವಿಗಿಂತ ಸತ್ಯಕ್ಕೆ ಹತ್ತಿರವಾಗಿದೆ. ಆರೋಗ್ಯ ಶಿಕ್ಷಣದ ಬರಹಗಳಲ್ಲಿ ಅದನ್ನು ಬಳಕೆಗೆ ತರುವುದು ಉಚಿತ.