ಪೂರ್ತಿ ಇಳಿಯುವ ತನಕ ಕಾಯಬೇಕಿಲ್ಲ: ಟ್ಯಾಬ್ ಬ್ಯಾಟರಿ ನಡೆದುಬಂದ ದಾರಿ

ಹಾಸನ–ಬೇಲೂರು ಹೆದ್ದಾರಿಯಲ್ಲಿ ಹಳೇಬೀಡಿನ ಕಡೆಗೆ ರಸ್ತೆ ಕವಲೊಡೆಯುವ ಹಗರೆಯಂತಹ ಊರಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಟ್ಯಾಬ್ ಈಗ ಪುಸ್ತಕವೂ ಹೌದು, ಪಾಠದ ಹಲಗೆಯೂ ಹೌದು. ಕೋವಿಡ್ ಕಾಲದಲ್ಲಿ ತರಗತಿಗಳು ಆನ್‌ಲೈನ್‌ಗೆ ಸರಿದಾಗ, 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಿಸುವ ಕಾರ್ಯಕ್ಕೆ ಚಾಲನೆ ನೀಡಿತು. ಉಪಕರಣ ಹಳ್ಳಿಯ ಮನೆಗಳನ್ನು ಹೊಕ್ಕಷ್ಟೇ ಸಲೀಸಾಗಿ, ಬ್ಯಾಟರಿಯನ್ನು ಪೂರ್ತಿ ಇಳಿಸಿ ಆಮೇಲೆ ನೂರರವರೆಗೆ ಚಾರ್ಜ್ ಮಾಡಬೇಕೆಂಬ ಹಳೆಯ ಉಪದೇಶವೂ ಅದರ ಜೊತೆಗೇ ಹೊಕ್ಕಿತು. ಈ ಉಪದೇಶ ಎಲ್ಲಿಂದ ಬಂತು, ಇಂದು ಅದು ಏಕೆ ಸಲ್ಲದು ಎಂಬುದನ್ನು ತಿಳಿಯಲು ಬ್ಯಾಟರಿಯ ಇತಿಹಾಸವನ್ನೇ ನೋಡಬೇಕಾಗುತ್ತದೆ.

ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕ್ಕಲ್–ಕ್ಯಾಡ್ಮಿಯಂ ಕೋಶವು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸಣ್ಣ ಸೆಲ್ಲುಗಳ ಲೋಕವನ್ನು ಬಹುಕಾಲ ಆಳಿತು. ಅರ್ಧ ಇಳಿದಾಗಲೇ ಪದೇಪದೇ ಚಾರ್ಜ್ ಮಾಡಿದರೆ ಉಳಿದರ್ಧ ಶಕ್ತಿಯನ್ನು ಮರೆತಂತೆ ಬೇಗ ಸೋಲುವ ಗುಣವೊಂದು ಅದರಲ್ಲಿ ಕಾಣಿಸಿಕೊಳ್ಳುತ್ತಿತ್ತು; ‘ನೆನಪಿನ ಪರಿಣಾಮ’ ಎಂದು ಹೆಸರಾದ ಈ ದೋಷಕ್ಕೆ ಪರಿಹಾರವೆಂದರೆ ಸೆಲ್ಲನ್ನು ಪೂರ್ತಿ ಬರಿದು ಮಾಡಿ ಮತ್ತೆ ತುಂಬುವುದು. ತಂತಿಯಿಲ್ಲದ ದೂರವಾಣಿಗಳನ್ನೂ ಮೊದಲ ತಲೆಮಾರಿನ ಮೊಬೈಲುಗಳನ್ನೂ ಬಳಸಿದವರು ಈ ಪಾಠವನ್ನು ಸರಿಯಾಗಿಯೇ ಕಲಿತಿದ್ದರು.

ಟ್ಯಾಬ್‌ನೊಳಗಿರುವುದಾದರೋ ಬೇರೆಯದೇ ರಸಾಯನ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲೋಹಗಳಲ್ಲೆಲ್ಲ ಹಗುರವಾದ ಲಿಥಿಯಂ ಬಳಸಿ ಬ್ಯಾಟರಿ ಕಟ್ಟಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡೆನಫ್ ತಂಡವು ಕೋಬಾಲ್ಟ್ ಆಕ್ಸೈಡ್‌ನ ಧನಧ್ರುವವನ್ನು ತೋರಿಸಿತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಋಣಧ್ರುವಕ್ಕೆ ಇಂಗಾಲವನ್ನು ಬಳಸಿ ಅದನ್ನು ಸುರಕ್ಷಿತಗೊಳಿಸಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರ ರಸಾಯನ ವಿಜ್ಞಾನದ ನೊಬೆಲ್ ಸಂದಿತು. ಒಂದು ನಿಕ್ಕಲ್ ಕೋಶದ ಒತ್ತಡ 1.2 ವೋಲ್ಟ್ ಆಗಿದ್ದರೆ ಲಿಥಿಯಂ–ಅಯಾನ್ ಕೋಶದ್ದು ಸುಮಾರು 3.7 ವೋಲ್ಟ್, ಅಂದರೆ ಮೂರು ಸೆಲ್ಲುಗಳ ಕೆಲಸವನ್ನು ಇದೊಂದೇ ಮಾಡುತ್ತದೆ. ಇದಕ್ಕೆ ನೆನಪಿನ ದೋಷದ ಕಾಟವೂ ಇಲ್ಲ.

ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಎಷ್ಟು ಮಿತವಾಗಿ ವಿದ್ಯುತ್ ಬಳಸಬೇಕೆಂಬ ಪ್ರಶ್ನೆಯನ್ನು ಕರ್ನಾಟಕ ಬಹಳ ಮೊದಲೇ ಎದುರಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ತಜ್ಞರು ಸೇರಿ ರೂಪಿಸಿದ, 2001ರಲ್ಲಿ ಜನರೆದುರು ಬಂದ ‘ಸಿಂಪ್ಯೂಟರ್’, ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳಬಲ್ಲ ಅಗ್ಗದ ಯಂತ್ರವಾಗಬೇಕೆಂಬ ಆಶಯ ಹೊತ್ತಿತ್ತು. ಕರೆಂಟು ನೆಚ್ಚಲಾಗದ ಹಳ್ಳಿಯನ್ನು ಗಮನದಲ್ಲಿಟ್ಟು ಎಎಎ ಗಾತ್ರದ ಸಣ್ಣ ಸೆಲ್ಲುಗಳಿಂದ ನಡೆಯುವಂತೆ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಮಿತವ್ಯಯಿಯಾದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮತ್ತು 320×240 ಚುಕ್ಕೆಗಳ ಕಪ್ಪು–ಬಿಳುಪು ಪರದೆಯೇ ಅದನ್ನು ಸಾಧ್ಯವಾಗಿಸಿದ್ದವು. ಹತ್ತು ವರ್ಷಗಳ ನಂತರ, 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್‌ನಲ್ಲಿ ಏಳಂಗುಲದ ಬಣ್ಣದ ಪರದೆಯಿತ್ತು, ಆದರೆ ಬ್ಯಾಟರಿ ಕೇವಲ 2,100 ಎಂಎಎಚ್ ಆಗಿದ್ದರಿಂದ ಮೂರು ಗಂಟೆಯ ಹೊತ್ತಿಗೆ ಅದು ಸೋಲುತ್ತಿತ್ತು. ಬ್ಯಾಟರಿಯ ಬಾಳಿಕೆಯನ್ನು ನಿರ್ಧರಿಸುವುದು ಕೋಶದ ಗಾತ್ರವೊಂದೇ ಅಲ್ಲ, ಅದರ ಮೇಲೆ ಹೇರಿದ ಹೊರೆಯೂ ಹೌದೆಂಬುದನ್ನು ಈ ಎರಡು ಯಂತ್ರಗಳು ಸ್ಪಷ್ಟಪಡಿಸುತ್ತವೆ.

ಆ ಹೊರೆಯನ್ನು ಸರಳ ಲೆಕ್ಕದಿಂದ ಅರಿಯಬಹುದು. 5,000 ಎಂಎಎಚ್ ಎಂಬುದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ ದೊರೆಯುವ 18.5 ವ್ಯಾಟ್–ಗಂಟೆ, ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ಎರಡು ಗಂಟೆ ಉರಿಸುವಷ್ಟು ಶಕ್ತಿ. ಟ್ಯಾಬ್ ಸರಾಸರಿ 3 ವ್ಯಾಟ್ ಬಳಸಿದರೆ ಅದು ಸುಮಾರು ಆರು ಗಂಟೆ, 2 ವ್ಯಾಟ್ ಬಳಸಿದರೆ ಒಂಬತ್ತು ಗಂಟೆ ನಡೆಯುತ್ತದೆ. ಈ ವ್ಯತ್ಯಾಸದ ದೊಡ್ಡ ಪಾಲು ಪರದೆಯ ಹೊಳಪಿನಲ್ಲಿದೆ. ಕಡಿಮೆ ಬೆಲೆಯ ಟ್ಯಾಬ್‌ಗಳಲ್ಲಿ ಸಾಮಾನ್ಯವಾಗಿರುವ ಎಲ್‌ಸಿಡಿ ಪರದೆಯ ಹಿಂದೆ ಸದಾ ಉರಿಯುವ ಹಿಂಬೆಳಕು ಇರುವುದರಿಂದ ಕಪ್ಪು ಹಿನ್ನೆಲೆ ಆರಿಸಿಕೊಂಡರೆ ಉಳಿತಾಯ ಅಲ್ಪ; ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಪರದೆಯಲ್ಲಿ ಮಾತ್ರ ಅದು ನಿಜಕ್ಕೂ ನೆರವಾಗುತ್ತದೆ. ಎಲ್‌ಸಿಡಿಯಲ್ಲಿ ಹೊಳಪನ್ನೇ ತಗ್ಗಿಸಬೇಕು.

ಎರಡನೆಯ ಹೊರೆ ಸಿಗ್ನಲ್‌ನದು. ಟವರ್ ದೂರವಾದಷ್ಟೂ ಸಿಮ್ ಇರುವ ಟ್ಯಾಬ್ ಹೆಚ್ಚು ಬಲದಿಂದ ಸಂಕೇತ ಕಳಿಸಬೇಕಾಗುವುದರಿಂದ, ಸಿಗ್ನಲ್ ಬಂದು ಹೋಗುವ ದಾರಿಯಲ್ಲಿ ಚಲಿಸುವ ಬಸ್ಸಿನೊಳಗೆ ವಿಡಿಯೊ ನೋಡುವುದು ಅತ್ಯಂತ ದುಬಾರಿ. ಪಾಠವನ್ನು ವೈಫೈ ಇರುವೆಡೆ ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಪ್ರಯಾಣದಲ್ಲಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಓದುವುದು ಮಿತವ್ಯಯ. ಬಳಸದ ಆಪ್‌ಗಳನ್ನು ನಿದ್ರೆಗೆ ತಳ್ಳುವ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೇ ಇದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟವು ಯಾವ ಆಪ್ ಎಷ್ಟು ಕಬಳಿಸಿತೆಂದು ತೋರಿಸುತ್ತದೆ.

ಒಂದು ದಿನದ ಬಾಳಿಕೆಗಿಂತ ಮುಖ್ಯವಾದುದು ಬ್ಯಾಟರಿಯ ಆಯುಷ್ಯ. ಕೋಶದ ಋಣಧ್ರುವದ ಮೇಲೆ ಬೆಳೆಯುವ ತೆಳುಪೊರೆಯೊಂದು ಲಿಥಿಯಂ ಅಯಾನುಗಳನ್ನು ಸ್ವಲ್ಪಸ್ವಲ್ಪವಾಗಿ ನುಂಗುತ್ತ ಹೋಗುತ್ತದೆ. ಬಿಸಿ ಏರಿದಷ್ಟೂ, ಚಾರ್ಜ್ ನೂರರ ಬಳಿ ನಿಂತಷ್ಟೂ ಈ ಸವೆತಕ್ಕೆ ವೇಗ ಹೆಚ್ಚು. ಪೂರ್ತಿ ಬರಿದಾಗುವುದೂ ಕೋಶಕ್ಕೆ ಒತ್ತಡವೇ ಆದ್ದರಿಂದ, ಶೇ 20 ಮತ್ತು 80ರ ನಡುವೆ ಇಟ್ಟುಕೊಂಡು ಅನುಕೂಲವಾದಾಗಲೆಲ್ಲ ಅಷ್ಟಿಷ್ಟು ಚಾರ್ಜ್ ಮಾಡುವುದೇ ಅದಕ್ಕೆ ಹಿತ. ಎರಡು ಸಲ ಅರ್ಧರ್ಧ ತುಂಬಿಸಿದರೂ ಲೆಕ್ಕಕ್ಕೆ ಸಿಗುವುದು ಒಂದೇ ಆವರ್ತ. ಕರೆಂಟು ಹೋಗುವ ಭಯವಿರುವ ದಿನ ನೂರಕ್ಕೆ ತುಂಬಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ನಿತ್ಯದ ಅಭ್ಯಾಸವಾಗಬಾರದು ಅಷ್ಟೇ. ಪ್ರಮುಖ ತಯಾರಕರು ಸೂಚಿಸುವ ಬಳಕೆಯ ತಾಪಮಾನ 0ಯಿಂದ 35 ಡಿಗ್ರಿ ಸೆಲ್ಸಿಯಸ್. ದಿಂಬಿನ ಕೆಳಗೆ, ಬಿಸಿಲಿನ ಕಿಟಕಿಯಲ್ಲಿ, ದಪ್ಪ ಕವಚದೊಳಗೆ ಚಾರ್ಜ್‌ಗೆ ಹಾಕುವುದು ಇದಕ್ಕೆ ವಿರುದ್ಧ. ಉಬ್ಬಿದ ಬ್ಯಾಟರಿಯನ್ನು ಬಳಸಲೇಬಾರದು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯದಂತೆ ಅದು ಕಸದ ಗುಂಡಿಗಲ್ಲ, ಮರುಬಳಕೆಗೆ ಹೋಗಬೇಕು.

ಯುರೋಪಿನ ಒಕ್ಕೂಟವು 2025ರ ಜೂನ್ 20ರಿಂದ, ಟ್ಯಾಬ್‌ನ ಬ್ಯಾಟರಿ 800 ಆವರ್ತಗಳ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕೆಂದು ಕಡ್ಡಾಯ ಮಾಡಿದೆ. ಅಂತಹ ನಿಯಮ ಸಹಜವಾಗಿ ತಯಾರಕರನ್ನು ಬಿಗಿಹಿಡಿಯುತ್ತದೆ; ಬಳಕೆದಾರರ ಕೈಯಲ್ಲಿರುವುದು ಅಭ್ಯಾಸ. ಪೂರ್ತಿ ಇಳಿಸಬೇಕೆಂಬ ಉಪದೇಶ ಸುಳ್ಳಾಗಿರಲಿಲ್ಲ, ತನ್ನ ಕಾಲದ ಸೆಲ್ಲಿಗೆ ಅದು ಸರಿಯಾಗಿಯೇ ಇತ್ತು. ಸೆಲ್ಲು ಬದಲಾದಾಗ ಉಪದೇಶ ಬದಲಾಗಲಿಲ್ಲ. ಆದ್ದರಿಂದ ಕಾಲೇಜುಗಳಲ್ಲಿ ಟ್ಯಾಬ್ ಹಂಚುವ ದಿನವೇ, ಅದರ ಬ್ಯಾಟರಿಯನ್ನು ಕಾಯುವ ಬಗೆಯನ್ನು ಒಂದು ಪುಟದ ಕನ್ನಡದಲ್ಲಿ ವಿವರಿಸಿ ವಿದ್ಯಾರ್ಥಿಯ ಕೈಗಿಡುವುದು ಅಗತ್ಯ. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದ ಮನೆಯಲ್ಲಿ ಆ ಒಂದು ಪುಟವೇ ಟ್ಯಾಬ್‌ನ ಆಯುಷ್ಯವನ್ನು ಪದವಿ ಮುಗಿಯುವ ತನಕ ಎಳೆದೊಯ್ಯಬಲ್ಲದು.