ಬಿಸಿಲಿನ ಲೆಕ್ಕ ಬರೆದ ಅರ್ಥಶಾಸ್ತ್ರಜ್ಞರು



ಮೊನ್ನೆ ಭಾನುವಾರ ಬಲಿಪೂಜೆ ಮುಗಿದ ಮೇಲೆ ಪಲ್ಲಡಂ ಕಡೆಯ ಹಿರಿಯರೊಬ್ಬರು, “ಸ್ವಾಮಿ, ಬಿಸಿಲು ಏರಿದೆ ಅಂತ ಎಲ್ಲರೂ ಹೇಳ್ತಾರೆ. ಅದರಿಂದ ನನ್ನ ಜೇಬಿನಿಂದ ಎಷ್ಟು ಹೋಯ್ತು ಅಂತ ಯಾರೂ ಹೇಳೋದಿಲ್ಲ” ಎಂದರು. ಸರಿಯಾದ ಪ್ರಶ್ನೆ. ಇದನ್ನೇ ಹಿಡಿದು ವರ್ಷಗಟ್ಟಲೆ ಸಂಶೋಧನೆ ನಡೆಸಿದವರು ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕರಾದ ಕೆ.ಎಸ್. ಕವಿಕುಮಾರ್.

ಜ್ಯೋತಿ ಪಾರೀಖ್ ಅವರೊಡನೆ 2001ರಲ್ಲಿ ಪ್ರಕಟಿಸಿದ ಅವರ ಅಧ್ಯಯನದ ಕ್ರಮ ನಮಗೆ ಹೊಸದೇನಲ್ಲ. ಜಮೀನು ಕೊಳ್ಳುವಾಗ ನಾವು ಆ ಊರಿನ ಬಿಸಿಲು, ಮಳೆ, ಮಣ್ಣು ನೋಡಿ, ಖರ್ಚು ಕಳೆದು ಎಕರೆಗೆ ಎಷ್ಟು ಉಳಿಯುತ್ತದೆಂದು ಬೇರೆ ಊರಿನೊಡನೆ ಹೋಲಿಸುತ್ತೇವಲ್ಲವೆ? ಅವರು ದೇಶದ ಜಿಲ್ಲೆಗಳನ್ನೇ ಹಾಗೆ ಹೋಲಿಸಿದರು. ಉಷ್ಣತೆ 2 ಡಿಗ್ರಿ ಏರಿದರೆ, ಮಳೆ ಶೇಕಡಾ 7ರಷ್ಟು ಹೆಚ್ಚಾದರೂ ಸಹ, ಕೃಷಿಯ ನಿವ್ವಳ ಆದಾಯ ಶೇಕಡಾ 8ಕ್ಕೂ ಮಿಕ್ಕಿ ಕುಸಿಯುತ್ತದೆ ಎಂದು ಲೆಕ್ಕ ಬಂತು. ರೈತ ಬೆಳೆ ಬದಲಿಸಿ ಹೊಂದಿಕೊಳ್ಳುತ್ತಾನೆ ಎಂಬುದನ್ನು ಸೇರಿಸಿಯೇ ಬಂದ ಲೆಕ್ಕವಿದು. ದೇಶದ ಸರಾಸರಿ ನಮ್ಮ ತೋಟದ ಲೆಕ್ಕವಲ್ಲ, ನಿಜ. ಆದರೂ ಮಳೆ ಬಂದರೆ ಸಾಕೆಂದು ಕುಳಿತವರಿಗೆ ಎಚ್ಚರಿಕೆ.

ನನಗೆ ಹೆಚ್ಚು ಹಿಡಿಸಿದ್ದು 2011ರ ಅವರ ಇನ್ನೊಂದು ಲೇಖನ. ಅಕ್ಕಪಕ್ಕದ ಜಿಲ್ಲೆಗಳ ಪ್ರಭಾವವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ನಷ್ಟದ ಅಂದಾಜು ಕಡಿಮೆಯಾಯಿತು. ರೈತರು ಒಬ್ಬರಿಂದೊಬ್ಬರು ತಿಳಿದುಕೊಳ್ಳುವುದು ಇದಕ್ಕೊಂದು ಕಾರಣವಿರಬಹುದು. ಆ ತಿಳುವಳಿಕೆ ಹರಡಲು ಸ್ಥಳೀಯ ಮುಂದಾಳುಗಳು ನೆರವಾಗಬೇಕು.

ನಮ್ಮಲ್ಲಿ ತಿಳುವಳಿಕೆಗಿಂತ ಪೈಪೋಟಿಯೇ ಬೇಗ ಹರಡುತ್ತದೆ. ಒಬ್ಬರು 800 ಅಡಿ ಬೋರ್ ಕೊರೆಸಿದರೆ ಪಕ್ಕದವರು ಸಾಲ ಮಾಡಿ 1000 ಅಡಿ ಕೊರೆಸುತ್ತಾರೆ. ಕೊನೆಗೆ ಇಬ್ಬರ ಬಾವಿಯೂ ಒಣಗುತ್ತದೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ಕೆರೆ ಮತ್ತು ಅಂತರ್ಜಲದ ಅರ್ಥಶಾಸ್ತ್ರಕ್ಕೇ ದುಡಿದವರು ಕೆ. ಪಳನಿಸಾಮಿ (ರಾಜಕಾರಣಿಯಲ್ಲ, ಪ್ರಾಧ್ಯಾಪಕರು). ನದಿ ಕಣಿವೆಗಳ ಕೃಷಿ ಮತ್ತು ಹವಾಮಾನ ಬದಲಾವಣೆಯ ಬಗ್ಗೆ ಅವರು ಸಹಲೇಖಕರೊಡನೆ ಪುಸ್ತಕವನ್ನೂ ತಂದಿದ್ದಾರೆ.

2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಹೊಸ ಸುರುಳಿ ಬಿಳಿನೊಣ ಕಂಡಾಗ ಸುದ್ದಿ ತೋಟದಿಂದ ತೋಟಕ್ಕೆ ಎಷ್ಟು ಬೇಗ ಹೋಯಿತು, ಪರಿಹಾರ ಎಷ್ಟು ತಡವಾಯಿತು, ನೆನಪು ಮಾಡಿಕೊಳ್ಳಿ.

ಮುಂದಿನ ಭಾನುವಾರ ಪೂಜೆಯ ನಂತರ ಗುರುನಿವಾಸದ ಜಗಲಿಯಲ್ಲಿ ಸೇರೋಣ. ಬೋರಿನ ಆಳ, ಕೊರೆಸಿದ ವರ್ಷ, ಮಾಡಿದ ಸಾಲ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ.