ಅಳತೆಯ ಮದ್ದು, ಅಳತೆಗೆ ಸಿಗದ ಊಟ

ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ದೊಡ್ಡವರದಕ್ಕಿಂತ ಬೇರೆಯದು. ಒಂದನೇ ಬಗೆಯ ಮಧುಮೇಹವೆಂದು ಕರೆಯಲಾಗುವ ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುವುದರಿಂದ, ರಕ್ತದಲ್ಲಿನ ಸಕ್ಕರೆಯನ್ನು ಜೀವಕೋಶಗಳು ಬಳಸಿಕೊಳ್ಳಲು ಬೇಕಾದ ಇನ್ಸುಲಿನ್ ಎಂಬ ಹಾರ್ಮೋನು ಒಳಗೆ ತಯಾರಾಗುವುದೇ ನಿಂತುಹೋಗುತ್ತದೆ. ಇದು ಹೆತ್ತವರು ಸಿಹಿ ತಿನ್ನಿಸಿದ್ದರಿಂದ ಬಂದದ್ದಲ್ಲ, ಪಥ್ಯದಿಂದ ಹೋಗುವಂಥದ್ದೂ ಅಲ್ಲ. 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುವವರೆಗೆ ಈ ರೋಗ ತಗುಲಿದ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಇಂದು ದಿನವೂ ಚುಚ್ಚುಮದ್ದು ಪಡೆಯುವ ಮಗು ಓದಿ, ದುಡಿದು, ಮುಪ್ಪಿನವರೆಗೆ ಬಾಳಬಲ್ಲದು.

ಆದರೆ ಆ ಚಿಕಿತ್ಸೆ ನಡೆಯುವುದು ಆಸ್ಪತ್ರೆಯಲ್ಲಲ್ಲ, ಅಡುಗೆಮನೆಯಲ್ಲಿ. ಇನ್ಸುಲಿನ್ನಿನ ಪ್ರಮಾಣವನ್ನು ಮಗು ಉಣ್ಣುವ ಊಟಕ್ಕೂ ಆಡುವ ಆಟಕ್ಕೂ ಹೊಂದಿಸಬೇಕು. ಕೂಲಿ ಸಿಕ್ಕ ದಿನ ಹೊಟ್ಟೆತುಂಬ ರೊಟ್ಟಿ, ಸಿಗದ ದಿನ ಗಂಜಿ ಎನ್ನುವ ಮನೆಯಲ್ಲಿ ಮದ್ದಿಗೆ ಮಾತ್ರ ಅಳತೆಯಿದ್ದು ಊಟಕ್ಕೆ ಇರುವುದಿಲ್ಲ. ಚುಚ್ಚಿದ ಮೇಲೆ ಊಟ ಕಡಿಮೆಯಾದರೆ ರಕ್ತದ ಸಕ್ಕರೆ ಇಳಿದು ಮಗು ಬೆವರುತ್ತದೆ, ನಡುಗುತ್ತದೆ, ತೊದಲುತ್ತದೆ. ತಕ್ಷಣ ಮೂರು ಚಮಚ ಸಕ್ಕರೆ ಕದಡಿ ಕುಡಿಸದಿದ್ದರೆ ಪ್ರಜ್ಞೆ ತಪ್ಪಬಹುದು. ಹಗಲೆಲ್ಲ ಕಳೆ ಕಿತ್ತು ಬಂದ ತಾಯಿ ನಡುರಾತ್ರಿ ಎದ್ದು ಮಗುವಿನ ಕುತ್ತಿಗೆ ಬೆವೆತಿದೆಯೇ ಎಂದು ಮುಟ್ಟಿ ನೋಡುವುದು ಈ ಭಯದಿಂದ. ಊಟ ಕಡಿಮೆಯಿದ್ದ ದಿನ ಆಕೆ ಮದ್ದನ್ನೂ ತುಸು ಇಳಿಸಿದರೆ ಅದನ್ನು ಅಜ್ಞಾನವೆಂದು ಗದರುವುದು ಸಲ್ಲದು. ಎಷ್ಟು ಇಳಿಸಬೇಕೆಂಬ ಲೆಕ್ಕವನ್ನು ಕಲಿಸಿಕೊಡುವುದೇ ವೈದ್ಯರ ಕೆಲಸ.

ಪೂರ್ತಿ ನಿಲ್ಲಿಸುವುದು ಮಾತ್ರ ಪ್ರಾಣಾಪಾಯಕಾರಿ. ಜ್ವರ ಬಂದು ಮಗು ಉಣ್ಣದಿದ್ದಾಗಲೂ, ನಾಟಿ ಔಷಧಿಯಿಂದ ವಾಸಿಯಾಗುತ್ತದೆಂದು ಯಾರಾದರೂ ನಂಬಿಸಿದಾಗಲೂ ಇನ್ಸುಲಿನ್ ಬಿಟ್ಟರೆ, ದೇಹವು ಸಕ್ಕರೆಯ ಬದಲು ಕೊಬ್ಬನ್ನು ಕರಗಿಸತೊಡಗಿ ರಕ್ತ ಆಮ್ಲೀಯವಾಗುತ್ತದೆ. ಕೀಟೋಆಸಿಡೋಸಿಸ್ ಎಂಬ ಈ ಸ್ಥಿತಿ ಕೆಲವೇ ದಿನಗಳಲ್ಲಿ ಜೀವ ತೆಗೆಯಬಲ್ಲದು.

ಮದ್ದನ್ನು ಕಾಪಾಡುವುದೂ ಹೆತ್ತವರ ಹೊಣೆಯೇ. ರಾಯಚೂರು, ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವಾಗ ಫ್ರಿಜ್ ಇಲ್ಲದ ಮನೆಗಳಿಗೆ ಮಣ್ಣಿನ ಮಡಕೆಯೇ ಆಸರೆ: ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ನೀರು ಹನಿಸುತ್ತಿದ್ದರೆ, ನೀರು ಆವಿಯಾಗುತ್ತ ಒಳಗಿನ ಬಾಟಲಿಯನ್ನು ತಂಪಾಗಿಡುತ್ತದೆ. ಇನ್ನೊಂದು ಎಚ್ಚರ ಸಿರಿಂಜಿನದು. ಮಿಲಿಲೀಟರಿಗೆ 40 ಯೂನಿಟ್ಟಿನ ಮದ್ದಿಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ಟಿನದಕ್ಕೆ ಕಿತ್ತಳೆ ಬಣ್ಣದ್ದು. 100ರ ಮದ್ದನ್ನು ಕೆಂಪು ಮುಚ್ಚಳದ್ದರಲ್ಲಿ ಎಳೆದರೆ ಎರಡೂವರೆ ಪಟ್ಟು ಮದ್ದು ಮೈಗೆ ಹೋಗುತ್ತದೆ. ಅಕ್ಷರ ಬಾರದವರೂ ಬಣ್ಣ ನೋಡಿ ತಿಳಿಯಬಹುದಾದ ಈ ಸಂಗತಿಯನ್ನು ಮೊದಲ ದಿನವೇ ತೋರಿಸಿಕೊಡಬೇಕು.

ಇಷ್ಟೆಲ್ಲ ಹೊಣೆ ಹೊತ್ತ ಮನೆಗೆ ಕಾನೂನಿನ ಆಸರೆಯೂ ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ತಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗಗಳಿವೆ. ಒಂದನೇ ಬಗೆಯ ಮಧುಮೇಹ ಇಲ್ಲ. ಆಸ್ಪತ್ರೆಯಲ್ಲೂ ಇನ್ಸುಲಿನ್ ಬಾಟಲಿ ಕೊಟ್ಟು, ಸಕ್ಕರೆ ಅಳೆಯುವ ಪಟ್ಟಿಗಳನ್ನು ಕೊಡದೆ ಕಳುಹಿಸುವುದು ಅರ್ಧ ಚಿಕಿತ್ಸೆ. ಉಳಿದರ್ಧವನ್ನು ಆ ತಾಯಿ ಕತ್ತಲಲ್ಲಿ ಕೈಯಿಂದ ಮುಟ್ಟಿ ಅಂದಾಜು ಮಾಡಬೇಕಾಗುತ್ತದೆ.